ವಾಚನಾಲಯ ನಿದ್ರಾಮೀಮಾಂಸೆ

ರಾಜರಾಜೇಶ್ವರಿನಗರ ಪ್ರಾಂತ್ಯವನ್ನು ಅನುಲಕ್ಷಿಸಿ ಒಂದು ತೌಲನಿಕ, ಸಮಗ್ರ ಹಾಗೂ ಅಪೂರ್ಣ ಅಧ್ಯಯನ

ಪ್ರಸ್ತಾವನೆ

ಗ್ರಂಥಾಲಯದಲ್ಲಿ ಓದುವವರ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಬರವಣಿಗೆ ಬಂದಿದೆ. ಅಲ್ಲಿ ಮಲಗುವವರ ಬಗ್ಗೆ ಒಂದು ಪುಟವಾದರೂ ಈ ಪ್ರಬಂಧಕಾರನ ಕಣ್ಣಿಗೆ ಬಿದ್ದಿಲ್ಲ. ಬರೆಯಬೇಕಾದವರೆಲ್ಲ ಅಲ್ಲೇ ಮಲಗಿದ್ದರು ಎಂಬುದು ಇದಕ್ಕೆ ಒಂದು ಸಮಾಧಾನ. ಕಣ್ಣು ಬಿಟ್ಟುಕೊಂಡು ನೋಡಿದವರು ಅಟೆಂಡರುಗಳು ಮಾತ್ರ, ಅವರು ಬರೆಯುವುದು ಗೇಟಿನ ರಿಜಿಸ್ಟರು ಮಾತ್ರ ಎಂಬುದು ಇನ್ನೊಂದು. ಎರಡನ್ನೂ ಒಪ್ಪಲು ಅಡ್ಡಿಯಿಲ್ಲ. ಹೇಗಿದ್ದರೂ ಶಾಸ್ತ್ರದಲ್ಲಿ ಬಿದ್ದಿರುವ ಈ ತೂತನ್ನು ಮುಚ್ಚದೆ ಬಿಡುವುದಿಲ್ಲ ಎಂಬುದು ಪ್ರಕೃತ ಪ್ರಬಂಧದ ಹಟ.

ಶಾಸ್ತ್ರ ಎಂದ ಮೇಲೆ ಅನುಬಂಧ ಚತುಷ್ಟಯ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಅಧಿಕಾರಿ ಯಾರು? ನಾಳೆ ಇಂಟರ್ನಲ್ಸ್ ಇಟ್ಟುಕೊಂಡು ಇವತ್ತು ಮಧ್ಯಾಹ್ನ ಲೈಬ್ರರಿಗೆ ಬಂದವನು. ವಿಷಯ, ನಿದ್ರೆ. ಸಂಬಂಧ, ಹಣೆಗೂ ಪುಸ್ತಕಕ್ಕೂ ಇರುವುದು. ಪ್ರಯೋಜನ, ಮಧ್ಯಾಹ್ನ ಓದಬೇಕಿದ್ದುದನ್ನು ರಾತ್ರಿ ಎಚ್ಚರವಿದ್ದು ಓದುವುದು. ಇಷ್ಟರಿಂದ ಶಾಸ್ತ್ರಾರಂಭ ಸಿದ್ಧಿಸುತ್ತದೆ.

ಅಧ್ಯಯನದ ಮಿತಿಗಳನ್ನೂ ಹೇಳಿಬಿಡುವುದು ಒಳ್ಳೆಯದು. ಮಲಗಿದವರ ಹೆಸರು, ಯುಎಸ್‌ಎನ್, ಬ್ರಾಂಚು, ಕಾಲೇಜು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಇದು ಸಂಶೋಧನೆಯ ನೀತಿ. ಮೇಲಾಗಿ ಅವರ ತಂದೆತಾಯಿ ಕನ್ನಡ ಓದಬಲ್ಲರು.

ಕ್ಷೇತ್ರವರ್ಣನೆ

ಬೆಂಗಳೂರು ಪೇಟೆಯಿಂದ ಮೈಸೂರು ರಸ್ತೆಯಲ್ಲಿ ಬಂದು ಆರ್ಚ್ ಬಳಿ ಎಡಕ್ಕೆ ತಿರುಗಿದರೆ ರಾಜರಾಜೇಶ್ವರಿನಗರ. ಬಲಗಡೆಗೆ ಜ್ಞಾನಭಾರತಿ, ಅಂದರೆ 1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾಲಯದ ಸಾವಿರ ಎಕರೆಗೂ ಮಿಕ್ಕಿದ ಆವರಣ. ಅದರ ಬೆನ್ನಿಗೆ ನಾಗರಬಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆ, ವಿ.ಕೆ.ಆರ್.ವಿ. ರಾವ್ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ದೇಶದ ಕಾಲೇಜುಗಳಿಗೆಲ್ಲ ದರ್ಜೆ ಹಚ್ಚುವ ನ್ಯಾಕ್. ರಸ್ತೆಯಲ್ಲೇ ಮುಂದೆ ಹೋದರೆ ಆರ್.ವಿ. ಎಂಜಿನಿಯರಿಂಗ್ ಕಾಲೇಜು, ಅದರ ಆಸುಪಾಸಿನಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆ. ರಾಜರಾಜೇಶ್ವರಿನಗರದ ಒಳಗೆ ಚನ್ನಸಂದ್ರದ ಕಡೆ, ಐಡಿಯಲ್ ಹೋಮ್ಸ್ ಕಡೆ ಮತ್ತಷ್ಟು ಎಂಜಿನಿಯರಿಂಗ್ ಕಾಲೇಜುಗಳು. ಇಷ್ಟೊಂದು ವಿದ್ಯೆ ಒಂದೇ ಕಡೆ ಗುಡ್ಡೆ ಬಿದ್ದಿರುವಲ್ಲಿ ಆಕಳಿಕೆ ಬಾರದಿದ್ದರೆ ಅದೇ ಆಶ್ಚರ್ಯ.

2021ರಲ್ಲಿ ನೇರಳೆ ಮಾರ್ಗದ ಮೆಟ್ರೋ ಕೆಂಗೇರಿಯವರೆಗೆ ಬಂತು. ನಿಲ್ದಾಣಗಳ ಸಾಲಿನಲ್ಲಿ ರಾಜರಾಜೇಶ್ವರಿನಗರ, ಅದಾದ ಮೇಲೆ ಜ್ಞಾನಭಾರತಿ, ಆಮೇಲೆ ಪಟ್ಟಣಗೆರೆ. ಬೆಳಗ್ಗೆ ಸೀಟು ಸಿಕ್ಕ ಖುಷಿಯಲ್ಲಿ ತೂಕಡಿಸಿದ ವಿದ್ಯಾರ್ಥಿ ಜ್ಞಾನವನ್ನು ದಾಟಿ ಪಟ್ಟಣಗೆರೆಯಲ್ಲಿ ಕಣ್ಣು ಬಿಡುವುದುಂಟು. ವೇದಾಂತಿಗಳು ಇದನ್ನು ಗಾಢನಿದ್ರೆಗೂ ಆಚೆಗಿನ ತುರೀಯ ಎಂದಾರು. ಅವನ ಸ್ನೇಹಿತರು ಫೋನಿನಲ್ಲಿ ಬೇರೆ ಏನೋ ಅನ್ನುತ್ತಾರೆ.

ಕ್ಷೇತ್ರಮಹಿಮೆ ಇಷ್ಟಕ್ಕೇ ಮುಗಿಯುವುದಿಲ್ಲ. ಜಗತ್ತಿಗೆ ಗ್ರಂಥಾಲಯಶಾಸ್ತ್ರದ ಸೂತ್ರ ಹೇಳಿಕೊಟ್ಟ ಎಸ್.ಆರ್. ರಂಗನಾಥನ್ ತಮ್ಮ ಕೊನೆಗಾಲ ಕಳೆದದ್ದು ಬೆಂಗಳೂರಿನಲ್ಲಿ. ಅವರು 1962ರಲ್ಲಿ ಇಲ್ಲಿ ಸ್ಥಾಪಿಸಿದ ಡಿಆರ್‌ಟಿಸಿ ಎಂಬ ಗ್ರಂಥಾಲಯ ವಿಜ್ಞಾನ ಕೇಂದ್ರ ಈಗ ಇರುವುದು ಮೈಸೂರು ರಸ್ತೆ ಎಂಟನೇ ಮೈಲಿಯಲ್ಲಿ, ಅದೇ ಸಾಂಖ್ಯಿಕ ಸಂಸ್ಥೆಯ ಕಾಂಪೌಂಡಿನೊಳಗೆ. ಅದೇ ರಸ್ತೆ ಹಿಡಿದು ಹೋಗುತ್ತಲೇ ಇದ್ದರೆ ಶ್ರೀರಂಗಪಟ್ಟಣ ಸಿಗುತ್ತದೆ, ಅಲ್ಲಿ ಆದಿಶೇಷನ ಮೇಲೆ ಮಲಗಿರುವವನು ರಂಗನಾಥ. ರಸ್ತೆ ಒಂದೇ. ಒಂದು ಕಡೆ ಪುಸ್ತಕ ಜೋಡಿಸಿದ ರಂಗನಾಥನ್, ಇನ್ನೊಂದು ಕಡೆ ಮಲಗಿದ ರಂಗನಾಥ. ಈ ಎರಡು ಸಂಪ್ರದಾಯಗಳನ್ನು ಒಂದೇ ಮೇಜಿನ ಮೇಲೆ ಸಮನ್ವಯಗೊಳಿಸಿದವನು ನಮ್ಮ ವಿದ್ಯಾರ್ಥಿ. ಇದನ್ನು ಕಾಕತಾಳೀಯ ಎನ್ನುವವರ ಜೊತೆ ವಾದಕ್ಕಿಳಿಯಲು ಪ್ರಬಂಧಕಾರನಿಗೆ ಪುರುಸೊತ್ತಿಲ್ಲ.

ಪೂರ್ವಪಕ್ಷ ಮತ್ತು ಅದರ ನಿರಾಕರಣೆ

ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಬೇಕು, ಆಮೇಲೆ ಮುರಿಯಬೇಕು. ಇದು ಹಿರಿಯರ ಕ್ರಮ. ಇಲ್ಲಿ ಪೂರ್ವಪಕ್ಷಿ ಅಟೆಂಡರು. ಆದರೆ ಅವರಿಗಿಂತ ಚೆನ್ನಾಗಿ ಹೇಳುವುದು ಯಾರಿಂದಲೂ ಆಗದು: "ಏನಪ್ಪಾ, ಇದೇನು ಲೈಬ್ರರೀನೋ ಛತ್ರಾನೋ? ಎದ್ದೇಳು, ಮುಖ ತೊಳ್ಕೊಂಡ್ ಬಾ." ಈ ಮಾತಿನೊಳಗೆ ಎರಡು ಪ್ರತಿಜ್ಞೆಗಳು ಅಡಗಿವೆ. ಲೈಬ್ರರಿಯೂ ಛತ್ರವೂ ಬೇರೆಬೇರೆ ಪದಾರ್ಥಗಳು ಎಂಬುದು ಒಂದು. ನಿದ್ರೆ ನೀರಿನಿಂದ ತೊಳೆದುಹೋಗುತ್ತದೆ ಎಂಬುದು ಇನ್ನೊಂದು.

ಎರಡನೆಯದು ಸುಲಭ, ಅದನ್ನು ಮೊದಲು ಖಂಡಿಸೋಣ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬುದೊಂದು ಕೂಡುತ್ತಾ ಹೋಗುತ್ತದೆ. ಅದು ಇಳಿಯಬೇಕಾದರೆ ಮಲಗಲೇಬೇಕು. ಕ್ಯಾಂಟೀನಿನ ಕಾಫಿ ಕೂಡ ಅದನ್ನು ಕರಗಿಸುವುದಿಲ್ಲ. ಅಡಿನೋಸಿನ್ ಕೂರಬೇಕಾದ ಜಾಗದಲ್ಲಿ, ಕೆಂಗೇರಿ ಬಸ್ಸಿನ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿದ ಹಾಗೆ, ಕೆಫೀನು ಹೋಗಿ ಕೂರುತ್ತದೆ ಅಷ್ಟೆ. ಕೆಲವು ಗಂಟೆ ಕಳೆದು ಕೆಫೀನು ಇಳಿಯುತ್ತದೆ, ಅಷ್ಟು ಹೊತ್ತೂ ನಿಂತೇ ಇದ್ದ ಅಡಿನೋಸಿನ್ ಧಡ್ ಎಂದು ಕೂರುತ್ತದೆ. ನಲ್ಲಿಯ ನೀರಿಗೆ ಇವರಿಬ್ಬರ ಪರಿಚಯವೂ ಇಲ್ಲ.

ಇನ್ನು ಛತ್ರದ ಪ್ರಶ್ನೆ. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯಕ್ಕೆ ಸೇರುವವರು ಶತಮಾನಗಳಿಂದ ಒಂದು ಪ್ರಮಾಣ ಮಾಡುತ್ತಾ ಬಂದಿದ್ದಾರೆ. ಪುಸ್ತಕಕ್ಕೆ ಗೀಚುವುದಿಲ್ಲ, ಒಳಗೆ ಬೆಂಕಿ ತರುವುದಿಲ್ಲ, ಉರಿ ಹೊತ್ತಿಸುವುದಿಲ್ಲ, ಹೊಗೆ ಬಿಡುವುದಿಲ್ಲ ಎಂದೆಲ್ಲ ಅದರಲ್ಲಿದೆ. ಮಲಗುವುದಿಲ್ಲ ಎಂದು ಎಲ್ಲೂ ಇಲ್ಲ. ಆಂಗ್ಲರು ಮರೆತರು ಎನ್ನೋಣವೇ? ಬೆಂಕಿಯನ್ನು ನೆನಪಿಟ್ಟವರು ನಿದ್ದೆಯನ್ನು ಮರೆಯುವುದುಂಟೇ? ಬರೆದವರಿಗೆ ತಮ್ಮ ಭವಿಷ್ಯದ ಚಿಂತೆಯಿತ್ತು ಎಂಬುದೇ ಸರಿಯಾದ ವ್ಯಾಖ್ಯಾನ.

ನಮ್ಮ ದೇಶದ ಪ್ರಮಾಣ ಬೇಕೆಂದರೆ ಸರ್ವೋಚ್ಚ ನ್ಯಾಯಾಲಯದ್ದೇ ಇದೆ. ದೆಹಲಿಯ ರಾಮಲೀಲಾ ಮೈದಾನದಲ್ಲಿ ರಾತ್ರಿ ಮಲಗಿದ್ದವರನ್ನು ಪೊಲೀಸರು ಎಬ್ಬಿಸಿ ಓಡಿಸಿದ ಪ್ರಕರಣದಲ್ಲಿ, 2012ರ ತೀರ್ಪಿನೊಳಗೆ, ನಿದ್ರೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ನ್ಯಾಯಮೂರ್ತಿ ಬಿ.ಎಸ್. ಚೌಹಾಣ್ ಬರೆದರು. ಅಟೆಂಡರು ಪೊಲೀಸರಲ್ಲ, ರೀಡಿಂಗ್ ಹಾಲು ಮೈದಾನವಲ್ಲ ಎಂದು ವಾದಿಸಬಹುದು. ವಾದಿಸಲಿ. ನಾಗರಬಾವಿಯ ಕಾನೂನು ಶಾಲೆ ಹತ್ತಿರದಲ್ಲೇ ಇದೆ.

ಪುರಾಣಪ್ರಮಾಣವಂತೂ ರಾಶಿ ಬಿದ್ದಿದೆ. ಮುಚುಕುಂದ ಮಹಾರಾಜ ದೇವತೆಗಳ ಪರವಾಗಿ ಯುದ್ಧ ಮಾಡಿ ದಣಿದು, ವರ ಕೇಳು ಎಂದಾಗ ರಾಜ್ಯ ಕೇಳಲಿಲ್ಲ, ನಿದ್ದೆ ಕೇಳಿದ. ಎಬ್ಬಿಸಿದವರು ಸುಟ್ಟುಹೋಗಲಿ ಎಂಬುದು ಆ ವರದ ಷರತ್ತು. ಕೃಷ್ಣನನ್ನು ಅಟ್ಟಿಸಿಕೊಂಡು ಗುಹೆಗೆ ನುಗ್ಗಿದ ಕಾಲಯವನ, ಮಲಗಿದ್ದವನನ್ನು ಕೃಷ್ಣನೆಂದುಕೊಂಡು ಒದ್ದ. ಬೂದಿಯಾದ. ಸೆಮಿಸ್ಟರಿನ ಕೊನೆಯ ವಾರದಲ್ಲಿ ರೀಡಿಂಗ್ ಹಾಲಿನಲ್ಲಿ ಸುತ್ತು ಹಾಕುವ ಸಿಬ್ಬಂದಿ ಈ ಕಥೆಯನ್ನು ಒಮ್ಮೆ ಓದಿಕೊಳ್ಳುವುದು ಕ್ಷೇಮ. ದೇವಸ್ಥಾನಗಳನ್ನೇ ನೋಡಿ: ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ದೇವರಿಗೆ ವಿಶ್ರಾಂತಿ. ರಾತ್ರಿ ಶಯನೋತ್ಸವ, ಏಕಾಂತ ಸೇವೆ, ತೊಟ್ಟಿಲು, ಜೋಗುಳ. ಬೆಳಗ್ಗೆ ಎಬ್ಬಿಸುವುದಕ್ಕೂ ಸಂಗೀತವೇ ಬೇಕು. ಬೆರಳ ಗೆಣ್ಣಿನಿಂದ ಮೇಜು ಕುಟ್ಟಿ "ಹಲೋ, ಹಲೋ" ಎಂದು ದೇವರನ್ನು ಎಬ್ಬಿಸುವ ಸಂಪ್ರದಾಯ ಯಾವ ಆಗಮದಲ್ಲೂ ಇಲ್ಲ.

ಒಂದು ಆಕ್ಷೇಪ ಉಳಿಯುತ್ತದೆ, ಅದನ್ನು ಮುಚ್ಚಿಡಬಾರದು. ಅಭಿಮನ್ಯು ಗರ್ಭದಲ್ಲಿದ್ದಾಗ ಚಕ್ರವ್ಯೂಹದ ಪಾಠ ನಡೆಯುತ್ತಿತ್ತು, ಸುಭದ್ರೆಗೆ ಜೋಂಪು ಹತ್ತಿತು, ಹೊರಬರುವ ಅಧ್ಯಾಯ ತಪ್ಪಿಹೋಯಿತು. ನಿದ್ದೆಯಿಂದ ಪೋರ್ಷನ್ ಬಿಟ್ಟುಹೋಗುತ್ತದೆ ಎಂಬುದಕ್ಕೆ ಇದು ಪ್ರಬಲ ಸಾಕ್ಷಿ. ಆದರೆ ಗಮನಿಸಬೇಕು: ಸುಭದ್ರೆ ಮಲಗಿದ್ದು ಲೆಕ್ಚರಿನಲ್ಲಿ, ಲೈಬ್ರರಿಯಲ್ಲಲ್ಲ. ಮೊದಲೇ ಒಂದು ಶಾಂತವಾದ ವಿಶ್ರಾಂತಿ ತಾಣದಲ್ಲಿ ಅರ್ಧ ಗಂಟೆ ಒರಗಿ ಬಂದಿದ್ದರೆ ಮಹಾಭಾರತ ಬೇರೆಯಾಗುತ್ತಿತ್ತು.

ಪಂಚಮುಖ ವಿಶ್ಲೇಷಣೆ

ಲಂಡನ್ನಿನಲ್ಲಿ ಓದುತ್ತಿದ್ದಾಗ ರಂಗನಾಥನ್ ಒಂದು ದೊಡ್ಡ ಅಂಗಡಿಯಲ್ಲಿ ಮೆಕ್ಯಾನೋ ಆಟಿಕೆ ನೋಡಿದರಂತೆ. ಅದೇ ಪಟ್ಟಿ, ಅದೇ ಗಾಲಿ, ಅದೇ ನಟ್ಟು ಬೋಲ್ಟು ಬೇರೆಬೇರೆ ರೀತಿ ಸೇರಿಸಿದರೆ ಬೇರೆಬೇರೆ ಯಂತ್ರ. ಜ್ಞಾನವನ್ನೂ ಹೀಗೆ ಬಿಡಿ ತುಂಡುಗಳಿಂದ ಜೋಡಿಸಿ ವರ್ಗೀಕರಿಸಬಹುದಲ್ಲ ಎಂದು ಹೊಳೆದದ್ದರಿಂದ 1933ರಲ್ಲಿ ಕೋಲನ್ ವರ್ಗೀಕರಣ ಬಂತು. ಮುಂದೆ ಅವರು ಯಾವುದೇ ವಿಷಯಕ್ಕೂ ಐದು ಮುಖಗಳೆಂದರು: ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ. ಯಾವುದೇ ವಿಷಯ ಎಂದಿದ್ದಾರೆ. ಆದ್ದರಿಂದ ಗೊರಕೆಯೂ ಸೇರಿತು.

ವ್ಯಕ್ತಿತ್ವದಿಂದ ಆರಂಭ. ಮಲಗುವವರಲ್ಲಿ ಪ್ರಾಮಾಣಿಕರೂ ಇದ್ದಾರೆ, ನಟರೂ ಇದ್ದಾರೆ. ಪ್ರಾಮಾಣಿಕ ಪುಸ್ತಕ ಮುಚ್ಚಿ, ಕನ್ನಡಕ ಕಳಚಿ, ಕೈಮಡಿಸಿ, ಕೆನ್ನೆಯಿಟ್ಟು ಮಲಗುತ್ತಾನೆ. ಇವನಲ್ಲಿ ಸಂಶೋಧಕನಿಗೆ ಏನೂ ಕೆಲಸವಿಲ್ಲ. ನಟ ಹಾಗಲ್ಲ. ಎಡಗೈ ಹಣೆಗೆ ಆನಿಸಿ, ಬಲಗೈಯಲ್ಲಿ ಪೆನ್ನು ಹಿಡಿದು, ಗಹನವಾಗಿ ಏನನ್ನೋ ಯೋಚಿಸುವ ಭಂಗಿಯಲ್ಲಿ ನಿದ್ರಿಸುತ್ತಾನೆ. ಇವನನ್ನು ಹಿಡಿಯಬೇಕಾದರೆ ನೋಟ್‌ಬುಕ್ ನೋಡಬೇಕು. ಕೊನೆಯ ಸಾಲಿನ ಅಕ್ಷರ ನಿಧಾನಕ್ಕೆ ವಾಲುತ್ತದೆ, ಒತ್ತು ಕಳಚಿಕೊಳ್ಳುತ್ತದೆ, ದೀರ್ಘ ಅತಿದೀರ್ಘವಾಗುತ್ತದೆ, ಒಂದು ಗೆರೆ ಎಳೆದುಕೊಂಡು ಹೋಗಿ ಹಾಳೆಯ ಅಂಚಿನಿಂದ ಕೆಳಗೆ ಬೀಳುತ್ತದೆ. ಅಂಥದೊಂದು ಪುಟವನ್ನು ಪ್ರಬಂಧಕಾರ ಪರಿಶೀಲಿಸಿದ್ದಾನೆ. ಲಿಪಿ ಕದಂಬರದೂ ಅಲ್ಲ, ಗಂಗರದೂ ಅಲ್ಲ. ಥರ್ಮೋಡೈನಾಮಿಕ್ಸಿನ ಎರಡನೇ ನಿಯಮವನ್ನು, ಅಂದರೆ ತಾನಾಗಿ ಬಿಟ್ಟರೆ ಅಸ್ತವ್ಯಸ್ತತೆ ಹೆಚ್ಚುತ್ತದೆ ಎಂಬುದನ್ನು ಬರೆಯುತ್ತಿದ್ದಾಗ ಹುಡುಗನಿಗೆ ನಿದ್ದೆ ಬಂದಿದೆ. ನಿಯಮ ಅರ್ಥವಾಗಿರಲಿಲ್ಲ, ಪಾಲನೆ ಆಗಿತ್ತು.

ದ್ರವ್ಯವೆಂದರೆ ತಲೆದಿಂಬಿನ ಪ್ರಶ್ನೆ. ಇದು ಈ ಶಾಸ್ತ್ರದ ಹೃದಯಭಾಗವಾದ್ದರಿಂದ ಸ್ವಲ್ಪ ವಿಸ್ತರಿಸಬೇಕು. ರಂಗನಾಥನ್ 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ಮೊದಲನೆಯದರ ಪ್ರಕಾರ ಪುಸ್ತಕ ಇರುವುದು ಬಳಸಲಿಕ್ಕೆ. ಯಾವ ಬಳಕೆ ಎಂದು ಸೂತ್ರಕಾರರು ಹೇಳಲಿಲ್ಲ; ಸೂತ್ರವೆಂದರೆ ಹಾಗೆಯೇ, ಉಳಿದದ್ದು ಭಾಷ್ಯಕಾರನ ಪಾಲು. ಮುಂದಿನೆರಡು ಸೂತ್ರಗಳ ತಾತ್ಪರ್ಯ ಓದುಗರೊಬ್ಬೊಬ್ಬರಿಗೂ ತಕ್ಕ ಪುಸ್ತಕವಿದೆ, ಪುಸ್ತಕವೊಂದೊಂದಕ್ಕೂ ತಕ್ಕ ಓದುಗರಿದ್ದಾರೆ ಎಂದು. ಕುತ್ತಿಗೆಯ ಉದ್ದ ಎಲ್ಲರಿಗೂ ಒಂದೇ ಇರುವುದಿಲ್ಲ ಎಂಬುದನ್ನು ಇಷ್ಟು ಚೆಂದವಾಗಿ ಹೇಳಿದವರು ಬೇರೆ ಇಲ್ಲ.

ಎಂಜಿನಿಯರಿಂಗ್ ವಲಯದಲ್ಲಿ ಬಿ.ಎಸ್. ಗ್ರೆವಾಲ್ ಅವರ ಹೈಯರ್ ಎಂಜಿನಿಯರಿಂಗ್ ಮ್ಯಾಥಮ್ಯಾಟಿಕ್ಸ್ ಸಾವಿರ ಪುಟ ದಾಟಿದ್ದು, ಎತ್ತರ ಹೆಚ್ಚಾಯಿತು ಎಂಬುದು ತಜ್ಞರ ದೂರು. ಅದರ ಮೇಲೆ ಮಲಗಿ ಎದ್ದವರ ಕೆನ್ನೆಯ ಮೇಲೆ ಸ್ಪೈರಲ್ ನೋಟ್‌ಬುಕ್ಕಿನ ಗುರುತು ಇರುವುದಿಲ್ಲ, ಅದೊಂದು ಅನುಕೂಲ. ಕಲಾ ವಿಭಾಗದವರಿಗೆ ಕಿಟೆಲ್ ಇದ್ದಾನೆ. 1894ರ ಆ ನಿಘಂಟು ಒಂದೇ ಸಂಪುಟದಲ್ಲಿ ಕನ್ನಡವನ್ನೆಲ್ಲ ತುಂಬಿಕೊಂಡಿರುವುದರಿಂದ ತಲೆಯ ಭಾರಕ್ಕೆ ಜಗ್ಗುವುದಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟ; ಅದನ್ನು ದಿಂಬು ಎನ್ನಲಾಗದು, ಜೋಡಿಸಿದರೆ ಮಂಚವೇ ಆದೀತು. ಇವೆಲ್ಲ ರೆಫರೆನ್ಸ್ ವಿಭಾಗದ ಪುಸ್ತಕಗಳು, ಮನೆಗೆ ಕೊಡುವುದಿಲ್ಲ. ಆದ್ದರಿಂದ ಮಲಗುವುದಾದರೂ ಅಲ್ಲೇ ಮಲಗಬೇಕು. ಮನೆಗೆ ಹೋಗಿ ಮಲಗು ಎನ್ನುವವರು ಈ ನಿಯಮವನ್ನು ಓದಿಲ್ಲ.

ಶಕ್ತಿಯ ವಿಚಾರದಲ್ಲಿ ಮಾತ್ರ ಸಿದ್ಧಾಂತಿಗೆ ಹಿನ್ನಡೆ. ಶಬ್ದಮಾಲಿನ್ಯ ನಿಯಂತ್ರಣದ 2000ನೇ ಇಸವಿಯ ನಿಯಮಗಳಂತೆ ಶಾಲೆ ಕಾಲೇಜು, ಆಸ್ಪತ್ರೆ, ನ್ಯಾಯಾಲಯಗಳ ಸುತ್ತ ನೂರು ಮೀಟರು ನಿಶ್ಶಬ್ದ ವಲಯ. ಹಗಲಲ್ಲಿ 50 ಡೆಸಿಬೆಲ್, ರಾತ್ರಿ 40 ಮಿತಿ. ಗಟ್ಟಿ ಗೊರಕೆಗೆ 50 ದಾಟುವುದು ಕಷ್ಟವೇನಲ್ಲ. ಅಂದರೆ ಮೈಸೂರು ರಸ್ತೆಯ ಲಾರಿಗೆ ಯಾವ ಕಾನೂನೋ ಹಿಂದಿನ ಬೆಂಚಿನ ಗೊರಕೆಗೂ ಅದೇ ಕಾನೂನು. ಲಾರಿಯನ್ನು ಯಾರೂ ಹಿಡಿಯುವುದಿಲ್ಲ ಎಂಬುದು ಸಮಾಧಾನ. ಗೊರಕೆಯವನನ್ನು ಪಕ್ಕದವನು ಮೊಣಕೈಯಿಂದ ತಿವಿದು "ಮಗಾ, ವಾಲ್ಯೂಮ್ ಕಮ್ಮಿ ಮಾಡೋ" ಎನ್ನುತ್ತಾನೆ. ನಿಯಂತ್ರಣ ಮಂಡಳಿಯ ಅವಶ್ಯಕತೆ ಬೀಳುವುದಿಲ್ಲ.

ದೇಶ: ಫ್ಯಾನಿನ ಕೆಳಗೆ, ಇಶ್ಯೂ ಕೌಂಟರಿನ ದೃಷ್ಟಿ ಬೀಳದ ಕಡೆ, ಗೋಡೆಗೆ ಬೆನ್ನು. ಹಿಂದೆ ಬೈಂಡು ಮಾಡಿದ ಹಳೆಯ ಜರ್ನಲುಗಳ ಮೂಲೆ ಪ್ರಶಸ್ತವಾಗಿತ್ತು. ಜರ್ನಲುಗಳೆಲ್ಲ ಕಂಪ್ಯೂಟರಿಗೆ ಹೋದ ಮೇಲೆ ಅಲ್ಲಿ ಶಾಂತಿ ಇನ್ನಷ್ಟು ಹೆಚ್ಚಿದೆ. ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದವರು ಇನ್ನು ಕಾಗದದ ಮೇಲೆ ಅಚ್ಚು ಹಾಕುವುದಿಲ್ಲ ಎಂದು 2012ರಲ್ಲಿ ಸಾರಿದರಲ್ಲ, ಆ ಕಪಾಟಿನ ಹಿಂಭಾಗ ಈಗ ತಪೋವನ.

ಕಾಲ ಕೊನೆಯದು. ಮಧ್ಯಾಹ್ನ ಒಂದರಿಂದ ಮೂರರ ಆಸುಪಾಸು ಎಚ್ಚರ ತಗ್ಗುವುದು ದೇಹದ ಗಡಿಯಾರದ ಗುಣ. ಊಟ ಬಿಟ್ಟವರಿಗೂ ಬರುತ್ತದೆ. ಮೆಸ್ಸಿನ ಅನ್ನಸಾರು ಅದಕ್ಕೆ ಕುಮ್ಮಕ್ಕು ಕೊಡುತ್ತದೆಯೇ ಹೊರತು ಮೂಲ ಆರೋಪಿಯಲ್ಲ. ಮುದ್ದೆಯನ್ನು ಬಯ್ಯುವವರು ಇನ್ನಾದರೂ ಸುಮ್ಮನಾಗಬೇಕು. ಎಷ್ಟು ಹೊತ್ತು ಮಲಗಬೇಕು ಎಂಬುದಕ್ಕೆ ನಾಸಾ ಸಂಸ್ಥೆಯ ಪ್ರಮಾಣವಿದೆ. ದೂರ ಹಾರುವ ವಿಮಾನಗಳ ಪೈಲಟ್‌ಗಳಿಗೆ ಸರದಿಯ ಮೇಲೆ ನಲವತ್ತು ನಿಮಿಷ ಬಿಡುವು ಕೊಟ್ಟು ನೋಡಿದಾಗ ಅವರು ಸರಾಸರಿ 26 ನಿಮಿಷ ಮಲಗಿದರು, ಎದ್ದ ಮೇಲೆ ಕೆಲಸ ಶೇಕಡ 34, ಚುರುಕು ಶೇಕಡ 54 ಸುಧಾರಿಸಿತ್ತು. ಅರ್ಧ ಗಂಟೆ ಮೀರಿದರೆ ಗಾಢನಿದ್ರೆಗೆ ಇಳಿದುಬಿಡುವ ಅಪಾಯ. ಅಲ್ಲಿಂದ ಎದ್ದವರಿಗೆ ತಾನು ಯಾರು, ಇದು ಯಾವ ಸೆಮಿಸ್ಟರು ಎಂದು ತಿಳಿಯಲು ಹೊತ್ತು ಹಿಡಿಯುತ್ತದೆ. ಪೈಲಟ್ ವಿಮಾನ ಹಾರಿಸುತ್ತಾ ಮಲಗಬಹುದು, ವಿದ್ಯಾರ್ಥಿ ಕುರ್ಚಿಯ ಮೇಲೆ ಕೂತು ಮಲಗಬಾರದು ಎಂಬ ವ್ಯವಸ್ಥೆಯ ತರ್ಕ ಪ್ರಬಂಧಕಾರನಿಗೆ ಇನ್ನೂ ಹತ್ತಿಲ್ಲ.

ಅನ್ಯದೇಶಗಳ ಆಚಾರ

ಜಪಾನಿನಲ್ಲಿ ಕೆಲಸದ ಜಾಗದಲ್ಲಿ ತೂಕಡಿಸಿದರೆ ಪಾಪ ದುಡಿದು ದಣಿದಿದ್ದಾನೆ ಎಂದು ಮರ್ಯಾದೆಯಿಂದ ನೋಡುತ್ತಾರೆ, ಅದಕ್ಕೆ ಇನೆಮುರಿ ಎಂಬ ಹೆಸರೂ ಇದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು 2014ರಲ್ಲಿ ಗ್ರಂಥಾಲಯದೊಳಗೇ ಮಂಚ ಹಾಕಿಸಿದರು. ಅಷ್ಟು ದೂರ ಯಾಕೆ, 2022ರ ಮೇ ತಿಂಗಳಲ್ಲಿ ಬೆಂಗಳೂರಿನದೇ ಹಾಸಿಗೆ ಕಂಪನಿ ವೇಕ್‌ಫಿಟ್ ತನ್ನ ನೌಕರರಿಗೆ ಮಧ್ಯಾಹ್ನ ಎರಡರಿಂದ ಎರಡೂವರೆ ನಿದ್ದೆಯ ಹೊತ್ತು ಎಂದು ಘೋಷಿಸಿತು. ಹಾಸಿಗೆ ಮಾರುವವರಿಗೆ ಇದು ವ್ಯಾಪಾರ ಧರ್ಮ, ಒಪ್ಪೋಣ. ಪುಸ್ತಕ ಇಟ್ಟುಕೊಂಡವರು ಹಾಸಿಗೆಯವರಿಗಿಂತ ಹೆಚ್ಚು ನಿದ್ದೆ ಹಂಚಿದ್ದಾರೆ, ಘೋಷಣೆ ಮಾಡಲಿಲ್ಲ ಅಷ್ಟೆ.

ಕಾರಣವಿಚಾರ

ಇವರು ಇಲ್ಲೇಕೆ ಮಲಗುತ್ತಾರೆ? ಸೋಮಾರಿತನ ಎಂಬ ಒಂದೇ ಪದದ ಉತ್ತರವನ್ನು ಶಾಸ್ತ್ರ ಒಪ್ಪುವುದಿಲ್ಲ. ರಾಮನಗರದಿಂದ, ಬಿಡದಿಯಿಂದ, ಮಾಗಡಿ ಕಡೆಯಿಂದ ಹೊರಟವರು ಎಷ್ಟು ಹೊತ್ತಿಗೆ ಎದ್ದಿರಬೇಕು ಲೆಕ್ಕ ಹಾಕಿ. ಹಿಂದಿನ ರಾತ್ರಿ ನಿದ್ದೆ ಇರಲಿ ಬಿಡಲಿ, ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯವಾದ ವಿಟಿಯು ಶೇಕಡ 85 ಹಾಜರಾತಿ ಕೇಳುತ್ತದೆ, ಬರಲೇಬೇಕು. ಪಿಜಿಯಲ್ಲಿ ಮೂವರ ರೂಮಿನಲ್ಲಿ ಒಬ್ಬನದು ರಾತ್ರಿಯ ಗೇಮು, ಇನ್ನೊಬ್ಬನದು ರಾತ್ರಿಯ ಫೋನು. ಸಂಜೆಯಾದರೆ ಡೆಲಿವರಿ ಬ್ಯಾಗು ಹೆಗಲಿಗೇರಿಸುವವರಿದ್ದಾರೆ. ಬಿಇಎಂಎಲ್ ಲೇಔಟಿನ ಏರುರಸ್ತೆಗಳಲ್ಲಿ ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ಹೊತ್ತು ಮನೆ ನಂಬರು ಹುಡುಕುವ ಹುಡುಗ ಬೆಳಗ್ಗೆ ಎಂಟೂವರೆಗೆ ಕ್ಲಾಸಿನಲ್ಲಿರಬೇಕು.

ಮಧ್ಯಾಹ್ನ ಒಂದೂವರೆಗೆ ಅವನಿಗೆ ಕಣ್ಣು ಮುಚ್ಚಬೇಕು ಎನಿಸಿದರೆ ಈ ಊರಿನಲ್ಲಿ ಜಾಗ ಎಲ್ಲಿದೆ? ಕೆಫೆಯಲ್ಲಿ ಕೂತರೆ ಏನಾದರೂ ಆರ್ಡರ್ ಮಾಡಬೇಕು, ಅರ್ಧ ಗಂಟೆ ಕಳೆದರೆ ಬಿಲ್ಲು ತಾನಾಗಿ ಬರುತ್ತದೆ. ಮಾಲಿನಲ್ಲಿ ಗಾರ್ಡು. ದರ್ಶಿನಿಯಲ್ಲಂತೂ ಕೂರುವುದಕ್ಕೇ ಇಲ್ಲ, ನಿಂತು ತಿಂದು ಹೋಗುವುದು. ಪಾರ್ಕುಗಳಿಗೆ 2024ರಲ್ಲಿ ಬೆಳಗ್ಗೆ ಐದರಿಂದ ರಾತ್ರಿ ಹತ್ತು ಎಂದು ಸಮಯ ಹಿಗ್ಗಿಸುವವರೆಗೆ ಹಗಲಲ್ಲಿ ಕೆಲ ಹೊತ್ತು ಬೀಗ. ತೆರೆದ ಮೇಲೂ ಬೆಂಚಿನಲ್ಲಿ ಕಾಲು ಚಾಚಿದರೆ ಸೀಟಿ ಊದುತ್ತಾರೆ. ಒಂದು ಕೋಟಿ ಮೀರಿದ ಜನರ ಊರಿನಲ್ಲಿ ಕಾಸು ಕೇಳದೆ, ಯಾಕೆ ಬಂದೆ ಎನ್ನದೆ ಕುರ್ಚಿಯೊಂದನ್ನು ಕೊಡುವ ಛಾವಣಿ ಲೈಬ್ರರಿಯದು. ಛತ್ರ ಎಂದು ಅಟೆಂಡರು ಬೈದದ್ದರಲ್ಲಿ ತಪ್ಪೇನೂ ಇಲ್ಲ. ಹಳೆಯ ಕಾಲದವರು ದಾರಿಯುದ್ದಕ್ಕೂ ಛತ್ರ ಕಟ್ಟಿಸಿ ಪುಣ್ಯ ಸಂಪಾದಿಸಿದರು. ಮೈಸೂರು ರಸ್ತೆಯಲ್ಲಿ ಈಗ ಉಳಿದಿರುವುದು ಟೋಲು.

ಮಾಪನ

ಗ್ರಂಥಾಲಯಕ್ಕೆ ಈ ಮಲಗುವವರಿಂದ ನಷ್ಟವೇ? ಲೆಕ್ಕ ನೋಡಿದರೆ ಉಲ್ಟಾ. ನ್ಯಾಕ್ ಸಮಿತಿಯವರು ಕೇಳುವ ಅಂಕಿಗಳಲ್ಲಿ ಗ್ರಂಥಾಲಯಕ್ಕೆ ದಿನಕ್ಕೆ ಎಷ್ಟು ಜನ ಬಂದುಹೋಗುತ್ತಾರೆ ಎಂಬುದೂ ಒಂದು. ಗೇಟಿನ ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ, ಹೆಸರು, ಒಳಬಂದ ಸಮಯ, ಹೊರಹೋದ ಸಮಯ, ಸಹಿ ಎಂಬ ಕಾಲಂಗಳಿವೆ. ಕಣ್ಣು ತೆರೆದಿತ್ತೇ ಮುಚ್ಚಿತ್ತೇ ಎಂಬ ಕಾಲಂ ಇಲ್ಲ. ಪುಸ್ತಕ ಪಡೆದು ಐದು ನಿಮಿಷದಲ್ಲಿ ಓಡಿಹೋಗುವ ಮೊದಲ ರ‍್ಯಾಂಕಿನವಳೂ, ಹನ್ನೆರಡಕ್ಕೆ ಬಂದು ನಾಲ್ಕಕ್ಕೆ ಮುಖ ಒರೆಸಿಕೊಂಡು ಹೋಗುವವನೂ ಅಲ್ಲಿ ತಲಾ ಒಂದೊಂದು. ಗಂಟೆಗಳ ಲೆಕ್ಕ ಹಿಡಿದರೆ ಅವನೇ ಮುಂದೆ. ಕಾಲೇಜಿನ ಬ್ಯಾನರಿನಲ್ಲಿ ಬರುವ ಆ ದರ್ಜೆಯ ಅಕ್ಷರದಲ್ಲಿ ಒಂದು ಕೋಲನ್ನಾದರೂ ನಿದ್ರಿಸಿದವರು ಹಾಕಿರುತ್ತಾರೆ, ಬೇರೆಯವರು ಒಪ್ಪಲಿ ಬಿಡಲಿ.

ಯೋಜನಾ ಪ್ರಸ್ತಾಪ

ಹೀಗಿರುವಾಗ ಲೈಬ್ರರಿಯೊಳಗೆ ಅಧಿಕೃತವಾಗಿಯೇ ಒಂದು ಪ್ರಶಾಂತ ವಿಶ್ರಾಂತಿ ತಾಣ ಮಾಡಿಬಿಡಬಾರದೇಕೆ ಎಂದು ಒಳ್ಳೆಯ ಮನಸ್ಸಿನವರು ಕೇಳುತ್ತಾರೆ. ಪ್ರಬಂಧಕಾರ ಬಹಳ ಯೋಚಿಸಿದ್ದಾನೆ. ಆಗಬೇಕು. ಆದರೆ ಅದು ಆಗುವ ಕ್ರಮವನ್ನೂ ಬಲ್ಲವರು ಮೊದಲೇ ತಿಳಿದಿರಬೇಕು.

ಮೊದಲು ಸಮಿತಿ. ಆಮೇಲೆ ಗೋಡೆಗೆ ನೀಲಿ ಬಣ್ಣ, ಅದರ ಮೇಲೆ ನಿದ್ದೆಗೆಡಿಸುವ ಸ್ಫೂರ್ತಿವಾಕ್ಯ. ನಾಲ್ಕು ಬೀನ್ ಬ್ಯಾಗು. ರಿಬ್ಬನ್ ಕತ್ತರಿಸುವ ಸಮಾರಂಭ, ಶಾಂತಿಯ ಮಹತ್ವದ ಮೇಲೆ ಮೈಕಿನಲ್ಲಿ ಒಂದು ಗಂಟೆಯ ಉಪನ್ಯಾಸ. ಸಿಇಟಿ ಕೌನ್ಸೆಲಿಂಗ್ ಹೊತ್ತಿಗೆ ಬ್ರೋಷರಿನಲ್ಲಿ ಫೋಟೊ. ಫೋಟೊದಲ್ಲಿ ಬೀನ್ ಬ್ಯಾಗಿನ ಮೇಲೆ ನಗುತ್ತಾ ಕೂತವರೆಲ್ಲ ಪೂರ್ಣ ಎಚ್ಚರದಲ್ಲಿರುತ್ತಾರೆ. ನಂತರ ದುರುಪಯೋಗವಾಗುತ್ತಿದೆ, ಅಂದರೆ ವಿಶ್ರಾಂತಿ ತಗೊಳ್ಳುತ್ತಿದ್ದಾರೆ ಎಂಬ ದೂರು ಬಂದು ಬೀಗ ಬೀಳುತ್ತದೆ. ಕೀಲಿ ಎಚ್‌ಒಡಿ ಹತ್ತಿರ, ಎಚ್‌ಒಡಿ ಮೀಟಿಂಗಿನಲ್ಲಿ.

ಎಲ್ಲಕ್ಕಿಂತ ಬಿಗಿಯಾದ ಗಂಟು ದಿಂಬಿನದು. ಲೈಬ್ರರಿಯ ಬಜೆಟ್ಟಿನಲ್ಲಿ ಪುಸ್ತಕಕ್ಕೆ ತಲೆಬರಹವಿದೆ, ಜರ್ನಲಿಗಿದೆ, ಪೀಠೋಪಕರಣಕ್ಕಿದೆ, ದಿಂಬಿಗಿಲ್ಲ. ಪೀಠೋಪಕರಣ ಎನ್ನೋಣವೆಂದರೆ ಅದಕ್ಕೆ ಕಾಲಿಲ್ಲ ಎಂದು ಆಡಿಟ್ ಆಕ್ಷೇಪ ಬರುತ್ತದೆ. ಸರ್ಕಾರಿ ಕಾಲೇಜಾದರೆ 1999ರ ಪಾರದರ್ಶಕತೆ ಕಾಯಿದೆಯ ಪ್ರಕಾರ ಟೆಂಡರು ಕರೆಯಬೇಕು, ಹತ್ತಿಯೋ ಫೋಮೋ ಎಂದು ತಾಂತ್ರಿಕ ಬಿಡ್ ತೆರೆಯಬೇಕು. ಸುಲಭದ ದಾರಿ ಒಂದೇ: ದಿಂಬನ್ನು ಪುಸ್ತಕ ಎಂದೇ ಖರೀದಿಸುವುದು. ಹಾಗೆ ಖರೀದಿಸಿದ ಮೇಲೆ ಅಕ್ಸೆಶನ್ ನಂಬರು ಹಾಕಲೇಬೇಕು. ಬೆನ್ನಿಗೆ ಲೇಬಲ್ಲು, ಒಳಗೆ ಡ್ಯೂ ಡೇಟ್ ಸ್ಲಿಪ್ಪು, ಕಾಲೇಜಿನ ಮೊಹರು. ಕಳ್ಳತನ ಪತ್ತೆಗೆಂದು ಎಲ್ಲ ಲೈಬ್ರರಿಗಳೂ ಗೊತ್ತುಪಡಿಸಿದ ಒಂದು ಗುಟ್ಟಿನ ಪುಟದಲ್ಲಿ ಇನ್ನೊಂದು ಮೊಹರು ಒತ್ತುತ್ತವಲ್ಲ, ದಿಂಬಿನಲ್ಲಿ ಆ ಪುಟ ಯಾವುದು ಎಂಬ ಬಗ್ಗೆ ಉಪಸಮಿತಿ ರಚಿಸಬೇಕಾದೀತು.

ಬಿಬಿಎ ವಿದ್ಯಾರ್ಥಿಗಳಿಗೆ ಎರಡು ಕಾರ್ಡು, ಎಂಜಿನಿಯರಿಂಗಿನವರಿಗೆ ನಾಲ್ಕು ಎಂಬ ಲೆಕ್ಕದಲ್ಲಿ ದಿಂಬುಗಳನ್ನು ಹದಿನಾಲ್ಕು ದಿನದ ಅವಧಿಗೆ ಕೊಡತಕ್ಕದ್ದು. ಬೇರೆಯವರು ರಿಸರ್ವ್ ಮಾಡಿರದಿದ್ದರೆ ಒಂದು ಸಲ ರಿನ್ಯೂ. ತಡವಾದರೆ ದಿನಕ್ಕೆ ಒಂದು ರೂಪಾಯಿ. ಹರಿದರೆ ಬೈಂಡಿಂಗಿಗೆ ಕಳಿಸುವುದು. ಕಳೆದರೆ ಅದೇ ದಿಂಬಿನ ಇತ್ತೀಚಿನ ಆವೃತ್ತಿ ತಂದುಕೊಡಬೇಕು, ಸಿಗದಿದ್ದರೆ ಬೆಲೆಯ ಮೂರು ಪಟ್ಟು.

ಇದರಿಂದ ಕೊನೆಯ ಸೆಮಿಸ್ಟರಿನಲ್ಲಿ ಏಳುವ ಒಂದು ತೊಡಕನ್ನು ಮಾತ್ರ ಬಿಡಿಸಲಾಗಿಲ್ಲ. ಹಾಲ್‌ಟಿಕೆಟ್ಟಿಗೆ, ಟಿಸಿಗೆ ಲೈಬ್ರರಿಯ ನೋ ಡ್ಯೂ ಬೇಕು. ಪುಸ್ತಕವೆಲ್ಲ ಒಪ್ಪಿಸಿ, ದಿಂಬು ಒಪ್ಪಿಸಿ, ದಂಡ ಕಟ್ಟಿ ಕೌಂಟರಿನ ಮುಂದೆ ನಿಂತವನ ಕಣ್ಣಿನ ಕೆಳಗಿನ ಕಪ್ಪು ನೋಡಿ ಗುಮಾಸ್ತರು ಪೆನ್ನು ಕೆಳಗಿಡುತ್ತಾರೆ: ನಾಲ್ಕು ವರ್ಷದ ನಿದ್ದೆ ಇನ್ನೂ ಬಾಕಿ ಕಾಣಿಸ್ತಿದೆಯಲ್ಲಪ್ಪಾ, ಸೀಲು ಹೇಗೆ ಹಾಕಲಿ? ನಾಳೆ ಬಾ.